ಬಚ್ಚಲ ಪೈಪಿನ ಕಲ್ನಾರು ತೆಗೆಸಿದೆವು: ಐದಕ್ಕೆ ಮೂರೂವರೆ

ಮೊದಲೇ ಹೇಳಿಬಿಡುತ್ತೇನೆ, ಕಂಪನಿ ಹೆಸರು ಬರೆಯುವುದಿಲ್ಲ. ಇದರಲ್ಲಿ ಹೊಗಳಿಕೆಯೂ ಇದೆ, ಬೈಗುಳವೂ ಇದೆ. ಬೆಂಗಳೂರಿನಿಂದ ಬಂದ ನಾಲ್ಕು ಜನರ ತಂಡ ಅಂತಿಟ್ಟುಕೊಳ್ಳಿ, ಸಾಕು. ನಾನು ಹುಡುಕುವಾಗ ಚಿಕ್ಕಮಗಳೂರು ಪೇಟೆಯಲ್ಲಿ ಶೀಟು ಹೊದಿಸುವವರ ನಂಬರ್ ಬೇಕಾದಷ್ಟು ಸಿಕ್ಕಿತು. ಕಲ್ನಾರು, ಅಂದರೆ ಧೂಳು ಎದೆಗೆ ಹೋದರೆ ಕಾಯಿಲೆ ತರುವ ಅಸ್ಬೆಸ್ಟಾಸ್, ಅದನ್ನು ತೆಗೆಯುವವರು ಅಂತ ಕೇಳಿದರೆ ಹಾರ್ಡ್‌ವೇರ್ ಅಂಗಡಿಯವರು ಬಾಯ್ಲರ್ ಬಾಗಿಲಿಗೆ ಕಟ್ಟುವ ಹಗ್ಗ ತೋರಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಆಲ್ದೂರಿನಿಂದ ಒಳಗೆ ನಾಲ್ಕು ಕಿಲೋಮೀಟರ್. ಊರವರು ಈಗಲೂ ದೊರೆ (ಬಿಳಿಯ ಪ್ಲಾಂಟರ್) ಬಂಗ್ಲೆ ಅಂತಲೇ ಕರೆಯುತ್ತಾರೆ. ಹೆಸರು ಕೇಳಿ ದೊಡ್ಡದೇನೋ ಅಂದುಕೊಳ್ಳಬೇಡಿ. ನಾಲ್ಕು ಕೋಣೆ, ಉದ್ದಕ್ಕೊಂದು ಹಿಂದಿನ ಪಡಸಾಲೆ, ಮೇಲೆ ಮಂಗಳೂರು ಹೆಂಚು. ಮಳೆಗಾಲದಲ್ಲಿ ಏಳು ಕಡೆ ಸೋರುತ್ತದೆ. ನಮ್ಮ ಮಾವ 1968ರಲ್ಲಿ ಹನ್ನೊಂದು ಎಕರೆ ತೋಟದ ಜೊತೆ ಕೊಂಡದ್ದು. ಹಿತ್ತಲಿನಲ್ಲಿ ದೊರೆ ಕಾಲದ ಬಾಯ್ಲರ್ ಇದೆ, ಸೌದೆ ಹಾಕಿ ಕಾಯಿಸುವ ಕಬ್ಬಿಣದ ಡ್ರಮ್ಮು. ಅದರಿಂದ ಹೊರಟ ಪೈಪು ಪಡಸಾಲೆಯ ಗೋಡೆಗುಂಟ ಬಂದು, ಅಟ್ಟ ಹತ್ತಿ, ಎರಡು ಬಚ್ಚಲಿಗೆ ಇಳಿಯುತ್ತದೆ. ಒಟ್ಟು 38 ಅಡಿ.

ಆ ಪೈಪಿಗೆ ಮೈತುಂಬ ಬಿಳಿ ಪಟ್ಟಿ. ಕೈ ಮುರಿದವರಿಗೆ ಹಾಕುತ್ತಾರಲ್ಲ, ಹಾಗೆ. ಅದರ ಮೇಲೊಂದು ಒರಟು ಬಟ್ಟೆ, ಬಟ್ಟೆಯ ಮೇಲೆ ಹಸಿರು ಆಯಿಲ್ ಪೇಂಟು. ನಾನು ಮದುವೆಯಾಗಿ ಬಂದು 27 ವರ್ಷ. ಅಷ್ಟೂ ವರ್ಷ ಮಳೆಗಾಲದಲ್ಲಿ ಒಣಗದ ಟವೆಲ್‌ಗಳನ್ನೆಲ್ಲ ಅದರ ಮೇಲೆ ಹಾಕಿದ್ದೇನೆ. ಸುಡುತ್ತಿರಲಿಲ್ಲ, ಹದವಾಗಿ ಬೆಚ್ಚಗಿರುತ್ತಿತ್ತು.

ಹೋದ ಮೇ ತಿಂಗಳಲ್ಲಿ ನಲ್ಲಿಯಲ್ಲಿ ಬರುವ ನೀರು ಸಣ್ಣಗಾಯಿತು. ಪ್ಲಂಬರ್ ಬಂದ. ಹಳೇ ಜಿಐ ಪೈಪು, ಒಳಗೆ ತುಕ್ಕು ಕಟ್ಟಿದೆ, ಬದಲಾಯಿಸಬೇಕು ಅಂದ. ಅದು ಸರಿಯೇ. ಆಮೇಲೆ, “ಅಮ್ಮ, ಈ ಪಟ್ಟೀನ ಕುಟ್ಟಿ ಉದುರಿಸಿದ್ರೆ ಅರ್ಧ ಗಂಟೆ ಕೆಲಸ” ಅಂದವನೇ ಸುತ್ತಿಗೆಯಲ್ಲಿ ಎರಡೇಟು ಹಾಕಿದ. ಹಿತ್ತಲ ಬಾಗಿಲಿನಿಂದ ಬಿಸಿಲುಕೋಲು ಒಳಗೆ ಬಿದ್ದಿತ್ತು. ಅದರೊಳಗೆ ಹಿಟ್ಟಿನಂಥ ಧೂಳು ಎದ್ದು, ಕೆಳಗೆ ಕೂರದೆ ಹಾಗೇ ತೇಲುತ್ತಾ ನಿಂತಿತು.

ನಮ್ಮ ಪುಣ್ಯಕ್ಕೆ ಮೈದುನ ಅವತ್ತು ಮನೆಯಲ್ಲಿದ್ದ. ಮಂಗಳೂರಿನ ಬೈಕಂಪಾಡಿಯಲ್ಲಿ ಒಂದು ಫ್ಯಾಕ್ಟರಿಯ ಮೆಂಟೆನೆನ್ಸ್‌ನಲ್ಲಿ ಕೆಲಸ ಅವನಿಗೆ. ಕಾಫಿ ಲೋಟ ಕೆಳಗಿಟ್ಟು ಓಡಿ ಬಂದ. “ಅತ್ತಿಗೆ, ಯಾರೂ ಕೈ ಹಾಕಬೇಡಿ. ಗುಡಿಸಲೂಬೇಡಿ. ಫ್ಯಾನ್ ಆಫ್ ಮಾಡಿ.” ಬಿಸಿ ಆರದ ಹಾಗೆ ಸುತ್ತುವ ಈ ಪಟ್ಟಿಯನ್ನು ಅವರ ಕಡೆ ಲ್ಯಾಗಿಂಗ್ ಅನ್ನುತ್ತಾರಂತೆ. ಹಳೇ ಸ್ಟೀಮ್ ಪೈಪಿಗೆಲ್ಲ ಇದನ್ನೇ ಸುತ್ತುತ್ತಿದ್ದರು, ಒಳಗೆ ಕಲ್ನಾರು ಇದ್ದರೂ ಇರಬಹುದು ಅಂದ. ಬಿದ್ದದ್ದರ ಮೇಲೆ ಒದ್ದೆ ಬಟ್ಟೆ ಹಾಸಿ, ಸುತ್ತಿ ತೆಗೆದು, ಆ ಬಟ್ಟೆಯನ್ನೂ ಸೇರಿಸಿ ಎರಡು ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿದ. ಪ್ಲಂಬರ್ ಹುಡುಗನಿಗೆ ಬೇಜಾರಾಯಿತು. ನೂರು ಮನೆಯಲ್ಲಿ ಹೀಗೇ ಮಾಡಿದ್ದೀನಿ ಅಂದ. ಅದನ್ನು ಕೇಳಿ ನನಗೆ ಇನ್ನೂ ಗಾಬರಿಯಾಯಿತು.

ಮುರಿದ ಅಂಚನ್ನು ದೂರದಿಂದ ಟಾರ್ಚ್ ಹಾಕಿ ನೋಡಿದೆ. ಹಳೇ ಸುಣ್ಣದ ಗಾರೆಯ ಥರ ಬೂದು ಬಿಳುಪು. ಅಂಚಿನಲ್ಲಿ ಮಾತ್ರ ಸಣ್ಣ ಸಣ್ಣ ಕೂದಲು, ಬೆಕ್ಕಿನ ಮೀಸೆಗಿಂತ ತೆಳ್ಳಗೆ. ಕಲ್ಲಿನ ನಾರು! ಕಲ್ನಾರು ಅನ್ನುವ ಹೆಸರು ಎಷ್ಟು ಸರಿಯಾಗಿದೆ ಅಂತ ಆಗ ಗೊತ್ತಾಯಿತು. ಅತ್ತೆಯ ತವರು ಹೊಳೆನರಸೀಪುರದ ಕಡೆ. ಅಲ್ಲಿ ಹಿಂದೆ ಕಲ್ನಾರನ್ನು ನೆಲದಿಂದ ತೆಗೆಯುತ್ತಿದ್ದರು. ಹಾಗಾಗಿ ಅತ್ತೆಗೆ ಆ ಪದ ಹೊಸದಲ್ಲ. ಇಷ್ಟು ವರ್ಷ ಪೊರಕೆಯಲ್ಲಿ ಧೂಳು ಹೊಡೆದದ್ದು ಅದಕ್ಕೇ ಅನ್ನುವುದು ಮಾತ್ರ ಹೊಸದು.

ಸರಿ, ಟೆಸ್ಟು. ಪಕ್ಕದ ತೋಟದವರೊಬ್ಬರು “ಬೆಂಕಿಗೆ ಹಿಡಿದು ನೋಡಿ, ಉರೀದಿದ್ರೆ ಕಲ್ನಾರು” ಅಂದರು. ಸುಳ್ಳು. ಗಾಜಿನ ಉಣ್ಣೆಯೂ ಉರಿಯಲ್ಲ, ಕಲ್ಲು ಕರಗಿಸಿ ಮಾಡುವ ರಾಕ್‌ವೂಲೂ ಉರಿಯಲ್ಲ. ಕಣ್ಣಲ್ಲಿ ನೋಡಿ ಹೇಳುವುದೂ ಆಗಲ್ಲ. ಇದಕ್ಕೆಂದೇ ಬೇರೆ ಥರದ ಮೈಕ್ರೋಸ್ಕೋಪ್ ಇದೆ, ಪೋಲರೈಸ್ಡ್ ಬೆಳಕಿನದ್ದು. ಅದರಲ್ಲಿ ನಾರಿನ ಜಾತಿ ಹೇಳುತ್ತಾರೆ. ಬೆಂಗಳೂರಿನ ಲ್ಯಾಬಿಗೆ ಕಳಿಸಿದೆವು. ಮೈದುನ ಮಾಸ್ಕ್ ಹಾಕಿ, ಮುರಿದ ಜಾಗಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಬೆರೆಸಿದ ನೀರು ಸಿಂಪಡಿಸಿದ. ಬರೀ ನೀರು ಹೊರಗಿನಿಂದ ಜಾರಿಹೋಗುತ್ತದೆ, ಸೋಪು ಬೆರೆತರೆ ಒಳಗೆ ಇಳಿಯುತ್ತದೆ. ಆಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಚೂರು ತೆಗೆದು, ಜಿಪ್ ಕವರಿನೊಳಗೆ ಇನ್ನೊಂದು ಜಿಪ್ ಕವರ್. ಎರಡು ಜಾಗದ್ದು ಎರಡು ಸ್ಯಾಂಪಲ್, 4,800 ರೂಪಾಯಿ. ಮುರಿದ ಬಾಯಿಗೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಯಾಕಿಂಗ್ ಟೇಪು.

ಹನ್ನೆರಡು ದಿನಕ್ಕೆ ರಿಪೋರ್ಟ್ ಬಂತು. ಎರಡರಲ್ಲೂ ಕಲ್ನಾರು. ಒಂದು ಕ್ರೈಸೋಟೈಲ್, ಅಂದರೆ ಬಿಳಿ. ಇನ್ನೊಂದು ಅಮೋಸೈಟ್, ಕಂದು. ಅಮೋಸೈಟ್ ಅನ್ನುವುದು ಯಾವುದೋ ಶಾಸ್ತ್ರದ ಹೆಸರು ಅಂದುಕೊಂಡಿದ್ದೆ. ಅಲ್ಲ. ‘ಅಸ್ಬೆಸ್ಟಾಸ್ ಮೈನ್ಸ್ ಆಫ್ ಸೌತ್ ಆಫ್ರಿಕಾ’ ಅನ್ನುವುದರ ಮೊದಲ ಅಕ್ಷರಗಳಂತೆ. ಅಷ್ಟು ದೂರದಿಂದ ಬಂದು ನಮ್ಮ ಬಚ್ಚಲ ಗೋಡೆಗೆ ಅಂಟಿಕೊಂಡಿತ್ತು. ಬ್ರಿಟನ್ನಿನವರು ನೀಲಿ ಮತ್ತು ಕಂದು ಕಲ್ನಾರನ್ನು 1985ರಲ್ಲಿ, ಬಿಳಿಯನ್ನು 1999ರಲ್ಲಿ ನಿಲ್ಲಿಸಿದರು. ನಮ್ಮಲ್ಲಿ ಬಿಳಿಯದ್ದು ಇನ್ನೂ ಹೊರದೇಶದಿಂದ ಬರುತ್ತದೆ, ಸಿಮೆಂಟ್ ಶೀಟಿಗೆ ಹೋಗುತ್ತದೆ.

ಈಗ ಸರ್ವಿಸ್ ವಿಷಯ. ಇಬ್ಬರನ್ನು ಕೇಳಿದೆ. ಮೊದಲನೆಯವರು ವಾಟ್ಸಾಪಿನಲ್ಲಿ ನಾಲ್ಕು ಫೋಟೋ ನೋಡಿ, ಅರ್ಧ ಗಂಟೆಯೊಳಗೆ, ಪೂರ್ತಿ 38 ಅಡಿ ತೆಗೆಯಲು 1,85,000 ಅಂದರು. ಅಟ್ಟ ಎಷ್ಟು ಎತ್ತರ ಅಂತಲೂ ಕೇಳಲಿಲ್ಲ. ಎರಡನೆಯವರು ನೋಡದೆ ರೇಟ್ ಹೇಳಲ್ಲ, ಬಂದು ನೋಡಲು 6,500 ಅಂದರು. ನಮ್ಮ ಮನೆಯವರಿಗೆ ಸಿಟ್ಟು ಬಂತು, ಬರೀ ನೋಡುವುದಕ್ಕೆ ದುಡ್ಡಾ ಅಂತ. ಇಡೀ ವ್ಯವಹಾರದಲ್ಲಿ ಸಾರ್ಥಕವಾದ ದುಡ್ಡು ಅಂದರೆ ಆ 6,500 ಅಂತ ಈಗ ಅವರೇ ಹೇಳುತ್ತಾರೆ.

ಬಂದ ಮೇಸ್ತ್ರಿಗೆ ಐವತ್ತು ದಾಟಿರಬಹುದು. ಹಡಗು ಒಡೆಯುವ ಕಡೆ ದುಡಿದು ಬಂದವರಂತೆ, ಮಾತು ಕಡಿಮೆ. ಅಟ್ಟ ಹತ್ತಿ ಹೊಟ್ಟೆ ಮೇಲೆ ತೆವಳಿಕೊಂಡು ಕೊನೆತನಕ ಹೋದರು. ಅಲ್ಲಿಂದಲೇ ಅಡಿ ಲೆಕ್ಕ ಕೂಗಿದರು. ಇಳಿದು ಕೈಕಾಲು ತೊಳೆದು ಹೇಳಿದ್ದು ಇಷ್ಟು. “ಮೇಡಂ, ಅಟ್ಟದ 24 ಅಡಿ ಗಟ್ಟಿಯಾಗಿದೆ. ಪೇಂಟೂ ಎದ್ದಿಲ್ಲ. ಅದನ್ನ ಮುಟ್ಟೋದು ಬೇಡ. ಪಡಸಾಲೆಯ 14 ಅಡಿ ಮಾತ್ರ ತೆಗೀತೀನಿ.”

ನಾನು ಒಪ್ಪಲಿಲ್ಲ. ವಿಷ ಅಂತ ಗೊತ್ತಾದ ಮೇಲೆ ಅರ್ಧ ಮನೆಯಲ್ಲೇ ಇಟ್ಟುಕೊಳ್ಳುವುದಾ? ಅವರು ಬೇಸರ ಮಾಡಿಕೊಳ್ಳದೆ ಕೂತು ವಿವರಿಸಿದರು. ಕಲ್ನಾರು ಸುಮ್ನೆ ಇದ್ದರೆ ಏನೂ ಮಾಡಲ್ಲ. ನಾರು ಗಾಳಿಗೆ ಎದ್ದು ಎದೆಯೊಳಗೆ ಹೋದರೆ ತೊಂದರೆ. ಗಟ್ಟಿಯಾಗಿರುವುದನ್ನು ಕಿತ್ತರೆ ಇಲ್ಲದ ಧೂಳನ್ನು ನಾವೇ ಎಬ್ಬಿಸಿದಂತೆ. ಪಡಸಾಲೆಯದ್ದು ಓಡಾಡುವ ಜಾಗ, ಸೌದೆ ತಗುಲುತ್ತದೆ, ಮಕ್ಕಳ ಕೈ ಹೋಗುತ್ತದೆ, ಅದು ಹೋಗಬೇಕು. ಅಟ್ಟದ್ದು ಯಾರ ಕೈಗೂ ಸಿಗಲ್ಲ. ಹೊಸ ಪೈಪನ್ನು ಬೇರೆ ದಾರಿಯಲ್ಲಿ ಎಳೆದರೆ ಹಳೇ ಪೈಪಿಗೆ ಬಿಸಿನೀರು ಹೋಗಲ್ಲ. ಬಿಸಿಯಾಗುವುದು, ತಣ್ಣಗಾಗುವುದು ನಿಂತರೆ ಹಿಗ್ಗುವುದು, ಕುಗ್ಗುವುದೂ ನಿಲ್ಲುತ್ತದೆ, ಪಟ್ಟಿ ಬಿರುಕು ಬಿಡುವುದು ಕಡಿಮೆಯಾಗುತ್ತದೆ. ಎರಡು ತುದಿಗೆ ಸೀಲ್ ಹಾಕಿ, ಮೈಗೆ ಇನ್ನೊಂದು ಕೋಟ್ ಬಳಿದು, ವರ್ಷಕ್ಕೊಂದು ಸಲ ಟಾರ್ಚ್ ಹಾಕಿ ನೋಡಿದರೆ ಸಾಕು.

38 ಅಡಿಗೆ ಬಿಲ್ ಮಾಡಬಹುದಾಗಿದ್ದ ಮನುಷ್ಯ 14 ಅಡಿಗೆ ಮಾಡಿದರು, 62,000. ನನ್ನ ಮೂರೂವರೆ ನಕ್ಷತ್ರದಲ್ಲಿ ಎರಡು ಇದೊಂದಕ್ಕೇ.

ಜೂನ್ ಮೊದಲ ವಾರ ಕೆಲಸ. ಬೆಳಿಗ್ಗೆ ಆರಕ್ಕೇ ವ್ಯಾನು ಬಂತು. ಪಡಸಾಲೆಯಲ್ಲಿದ್ದ ಎಲ್ಲ ಸಾಮಾನು ಹೊರಗೆ. ಬಾಗಿಲು, ಕಿಟಕಿ, ನೆಲ, ಗೋಡೆ, ಎಲ್ಲಕ್ಕೂ ದಪ್ಪ ಪ್ಲಾಸ್ಟಿಕ್ ಹೊದಿಸಿ ಟೇಪ್ ಹಾಕಲು ಮೂರು ಗಂಟೆ ಹಿಡಿಯಿತು. ನಾಯಿ ಕಣದ ಹತ್ತಿರ, ಅತ್ತೆ ಚಿಕ್ಕಮಗಳೂರಿನ ನಾದಿನಿ ಮನೆಗೆ. ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಸಣ್ಣ ಗಾಜಿನ ಕಿಂಡಿ ಇದೆ. ಅದರಿಂದ ನಾನು ನೋಡುತ್ತಿದ್ದೆ.

ಬಿಳಿ ಮೇಲಂಗಿ ಹಾಕಿದರು, ತಲೆಯಿಂದ ಕಾಲಿನವರೆಗೆ ಒಂದೇ. ಮಾಸ್ಕಿಗೆ ಎರಡು ಕಡೆ ಗುಲಾಬಿ ಬಣ್ಣದ ಫಿಲ್ಟರ್, ಪಿ100 ಅಂತ. ಕೊರೋನಾ ಕಾಲದ ಬಟ್ಟೆ ಮಾಸ್ಕ್ ಇದಕ್ಕೆ ಏನೂ ಅಲ್ಲ. ಅವರಲ್ಲಿ ಒಬ್ಬ ಹುಡುಗ ಚೆಂದದ ಗಡ್ಡ ಬಿಟ್ಟಿದ್ದ. ಮೇಸ್ತ್ರಿ ಅವನ ಮುಖ ನೋಡಿ, “ಏನಪ್ಪಾ ಇದು, ಬೋಳಿಸ್ಕೊಂಡು ಬಾ ಅಂದಿರ್ಲಿಲ್ವಾ?” ಅಂದರು. ಗಡ್ಡವಿದ್ದರೆ ಮಾಸ್ಕ್ ಕೆನ್ನೆಗೆ ಕೂರಲ್ಲ, ಸಂದಿಯಲ್ಲಿ ಗಾಳಿ ಒಳಗೆ ಹೋಗುತ್ತದೆ. ಹುಡುಗನಿಗೆ ಅವತ್ತು ಒಳಗೆ ಪ್ರವೇಶವಿಲ್ಲ. ನಮ್ಮ ಮನೆಯವರ ರೇಜರ್ ಕೊಡಲಾ ಅಂತ ಕೇಳಿದೆ. ಅವನು ನನ್ನನ್ನು ನೋಡಿದ ರೀತಿಗೆ ಸುಮ್ಮನಾದೆ. ಸಂಜೆತನಕ ಹೊರಗೆ ನೀರು ಎತ್ತಿಕೊಡುವ ಕೆಲಸ ಮಾಡಿದ.

ನೀರು ಸಿಂಪಡಿಸಲು ನಮ್ಮ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಸ್ಪ್ರೇಯರ್ ಇದೆ ಅಂದೆ. ಬೇಡ ಅಂದರು. ಅದರ ಒತ್ತಡ ಜಾಸ್ತಿ, ಪಟ್ಟಿಯನ್ನು ಕೊರೆದುಬಿಡುತ್ತದೆ. ಮಂಜಿನ ಹಾಗೆ ಬೀಳಬೇಕಂತೆ. ಮೊದಲು ಇಡೀ ಪೈಪಿಗೆ ಹದವಾಗಿ ನೆನೆಯುವಷ್ಟು ಸಿಂಪಡಿಸಿ ಕಾದರು.

ಆಮೇಲೆ ಮಾಡಿದ್ದು ನಾನು ಅಂದುಕೊಂಡ ಹಾಗೆ ಇರಲೇ ಇಲ್ಲ. ಪಟ್ಟಿ ಕೆರೆದು ತೆಗೆಯುತ್ತಾರೆ ಅಂದುಕೊಂಡಿದ್ದೆ. ಕೆರೆಯಲೇ ಇಲ್ಲ. ಪೈಪಿಗೆ ಪಟ್ಟಿ ಸಮೇತ ಪ್ಲಾಸ್ಟಿಕ್ ಸುತ್ತಿದರು. ಎರಡು ಸುತ್ತು, ಮೇಲೆ ಟೇಪು, ಕಡುಬಿಗೆ ಎಲೆ ಸುತ್ತಿದ ಹಾಗೆ. ನಾಲ್ಕು ನಾಲ್ಕೂವರೆ ಅಡಿಗೊಂದು ಜಾಗದಲ್ಲಿ ಮಾತ್ರ ಪೈಪಿನ ಸುತ್ತ ಪ್ಲಾಸ್ಟಿಕ್ ಚೀಲ ಕಟ್ಟಿದರು. ಆ ಚೀಲಕ್ಕೆ ಒಳಮುಖವಾಗಿ ಎರಡು ಕೈಗವಸು ಅಂಟಿಸಿದೆ. ಹೊರಗಿನಿಂದ ಗವಸಿನೊಳಗೆ ಕೈ ತೂರಿಸಿ, ಚೀಲದೊಳಗೇ ಒಂದು ಗೇಣಿನಷ್ಟು ಪಟ್ಟಿಯನ್ನು ಒದ್ದೆ ಮಾಡಿ ಬಿಡಿಸಿದರು. ಬಿಡಿಸಿದ್ದೆಲ್ಲ ಚೀಲದ ತಳಕ್ಕೇ ಬಿತ್ತು. ಪೈಪು ಬೆತ್ತಲಾದ ಆ ಜಾಗದಲ್ಲಿ ಕೈ ಗರಗಸದಿಂದ ಕೊಯ್ದರು. ಗ್ರೈಂಡರ್ ಮುಟ್ಟಲೇ ಇಲ್ಲ. ಹೀಗೆ 14 ಅಡಿ ಪೈಪು ಮೂರು ತುಂಡಾಗಿ, ಬಟ್ಟೆ ಸುತ್ತಿದ ಮಗುವಿನ ಹಾಗೆ, ಒಂದೊಂದಾಗಿ ಹೊರಗೆ ಹೋಯಿತು.

ಮಧ್ಯಾಹ್ನ ಒಂದೂವರೆಗೆ ಗುಡುಗಿತು, ಕರೆಂಟ್ ಹೋಯಿತು. ಆಲ್ದೂರು ಕಡೆಯವರಿಗೆ ಇದು ಹೊಸದಲ್ಲ. ಕೊನೆಗೆ ನೆಲದ ಧೂಳು ಎಳೆಯಲು ಅವರ ಹತ್ತಿರ ಹೆಪಾ ಫಿಲ್ಟರಿನ (ಅತಿ ಸಣ್ಣ ಧೂಳನ್ನೂ ಹಿಡಿಯುವಂಥದ್ದು) ವ್ಯಾಕ್ಯೂಮ್ ಇತ್ತು. ಮಾಮೂಲಿ ವ್ಯಾಕ್ಯೂಮ್ ಈ ನಾರನ್ನು ಹಿಂದಿನಿಂದ ವಾಪಸ್ ಉಗಿಯುತ್ತದೆ. ಕರೆಂಟ್ ಇಲ್ಲ. ಪೊರಕೆ ಕೊಡಲಾ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮೇಸ್ತ್ರಿ ಒಳಗೇ ಗೋಡೆಗೆ ಒರಗಿ ಕೂತರು. ಮೇಲಂಗಿ ತೆಗೆದು ಹೊರಗೆ ಬಂದರೆ ಮತ್ತೆ ಹೊಸದು ಹಾಕಬೇಕು. ಎರಡು ಗಂಟೆ ನಲವತ್ತು ನಿಮಿಷ, ಆ ಸೆಖೆಯಲ್ಲಿ, ಮಾಸ್ಕ್ ತೆಗೆಯದೆ. ನೀರು ಕುಡಿಯಲೂ ಆಗಲ್ಲ. ಕಿಂಡಿಯಿಂದ ನೋಡಿ ನನಗೇ ಗಂಟಲು ಒಣಗಿತು. ಜನರೇಟರ್ ಯಾಕೆ ತಂದಿಲ್ಲ ಅನ್ನುವುದು ನ್ಯಾಯವಾದ ಪ್ರಶ್ನೆ. ಮಲೆನಾಡಿಗೆ ಜೂನ್‌ನಲ್ಲಿ ಬರುವವರು ತರಬೇಕಿತ್ತು. ಆದರೆ ಕಾದರಲ್ಲ, ಅದನ್ನು ಮರೆಯಲ್ಲ.

ಬೈಗುಳ ಇಲ್ಲಿಂದ ಶುರು.

ಒಂಬತ್ತು ಪ್ಲಾಸ್ಟಿಕ್ ಚೀಲ, ಮೂರು ತುಂಡು ಪೈಪು. ಎಲ್ಲದರ ಮೇಲೂ ಎಚ್ಚರಿಕೆ ಚೀಟಿ. ಇದನ್ನು ಪಂಚಾಯ್ತಿ ಕಸದ ಗಾಡಿಗೆ ಹಾಕುವ ಹಾಗಿಲ್ಲ, ಗುಜರಿಗೆ ಕೊಡುವ ಹಾಗಿಲ್ಲ, ತೋಟದಲ್ಲಿ ಗುಂಡಿ ತೆಗೆದು ಹೂಳುವುದಂತೂ ಬೇಡವೇ ಬೇಡ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಬಿಸಾಡಿದ ಕಲ್ನಾರಿನ ಹೆಸರೂ ಇದೆ. ದಾಬಸ್‌ಪೇಟೆ ಕಡೆ ಇಂಥದ್ದನ್ನು ಹೂಳುವ ಘಟಕಕ್ಕೆ ಕಳಿಸುತ್ತೇವೆ, ಎರಡು ದಿನದಲ್ಲಿ ಗಾಡಿ ಬರುತ್ತದೆ ಅಂದರು. ಅಲ್ಲಿಯವರೆಗೆ ಕಾಫಿ ಗೋದಾಮಿನ ಮೂಲೆಯಲ್ಲಿ ಇಟ್ಟಿರಿ ಅಂದರು.

ಎರಡು ದಿನ ಅನ್ನುವುದು 47 ದಿನ ಆಯಿತು. ಫೋನ್ ಮಾಡಿದರೆ ಆಫೀಸಿನ ಹುಡುಗಿ “ಪೇಪರ್ಸ್ ಪ್ರೋಸೆಸ್‌ನಲ್ಲಿದೆ ಮೇಡಂ” ಅನ್ನುತ್ತಿದ್ದಳು. ಮೇಸ್ತ್ರಿಗೆ ಮಾಡಿದರೆ ಅದು ನನ್ನ ಕೈಯಲ್ಲಿಲ್ಲ ಅನ್ನುತ್ತಿದ್ದರು, ಅದೂ ನಿಜವೇ. ನಡುವೆ ಒಂದು ರಾತ್ರಿ ಹೆಗ್ಗಣ ಒಂದು ಚೀಲದ ಹೊರಪದರ ಕಡಿದಿತ್ತು. ಒಳಪದರ ಗಟ್ಟಿ ಇತ್ತು, ಬದುಕಿದೆವು. ಒಂದರೊಳಗೊಂದು ಎರಡು ಚೀಲ ಯಾಕೆ ಅಂತ ಅವತ್ತು ಅರ್ಥವಾಯಿತು. ಅಷ್ಟೂ ದಿನ ಗೋದಾಮಿಗೆ ಬೀಗ. ಕೊನೆಗೆ ಗಾಡಿ ಬಂತು, ಸಾಗಣೆಗೆ ಬೇರೆ 14,000 ಅಂತ ಬಿಲ್ ಜೊತೆಗೆ. ಕೊಟೇಶನ್ನಿನ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಸಾಗಣೆ ಪ್ರತ್ಯೇಕ ಅಂತ ಇತ್ತಂತೆ. ಇತ್ತು, ಹೌದು. ಕನ್ನಡಕ ಹಾಕಿ ನೋಡಿದೆ. ನೀವು ಮಾಡಿಸುವುದಾದರೆ ಸಾಗಣೆ ಖರ್ಚು, ಗಾಡಿ ಬರುವ ತಾರೀಕು, ಘಟಕಕ್ಕೆ ಮುಟ್ಟಿದ ರಸೀತಿ, ಈ ಮೂರನ್ನೂ ಮೊದಲೇ ಬರೆಸಿಕೊಳ್ಳಿ. ರಸೀತಿ ನನಗೆ ಬಂತು, ನಾನು ಹನ್ನೊಂದು ಸಲ ಕೇಳಿದ ಮೇಲೆ.

ಗಾಳಿ ಪರೀಕ್ಷೆಗೂ 9,000 ಬೇರೆ. ಅದನ್ನು ಮಾತ್ರ ಬಿಡಬೇಡಿ. ಕೆಲಸ ಮುಗಿದ ಮೇಲೆ ಪಡಸಾಲೆಯ ಗಾಳಿಯನ್ನು ಪಂಪಿನಲ್ಲಿ ಎಳೆದು, ಫಿಲ್ಟರ್ ಮೇಲೆ ಕೂತ ನಾರನ್ನು ಎಣಿಸುತ್ತಾರೆ. ಬ್ರಿಟನ್ನಿನಲ್ಲಿ ಒಂದು ಮಿಲಿಲೀಟರ್ ಗಾಳಿಗೆ 0.01 ನಾರಿಗಿಂತ ಕಡಿಮೆ ಇದ್ದರೆ ಪಾಸು. ನಮ್ಮದು ಅದಕ್ಕಿಂತ ಕಡಿಮೆ ಬಂತು. ಬರಲು 19 ದಿನ ತೆಗೆದುಕೊಂಡಿತು. ಅಲ್ಲಿಯವರೆಗೆ ಹಿತ್ತಲಿಗೆ ಹೋಗಲು ಮನೆ ಸುತ್ತಿಕೊಂಡು, ಮಳೆಯಲ್ಲಿ.

ಹೋಗುವ ಮೊದಲು ಮೇಸ್ತ್ರಿ ಕೇಳದೆಯೇ ಹೇಳಿದ ಇನ್ನೊಂದು ಮಾತು ನಮ್ಮ ಕಡೆಯವರಿಗೆಲ್ಲ ಬೇಕಾದದ್ದು. ನಮ್ಮ ಲೈನ್ ಮನೆಗಳಿಗೆ, ಅಂದರೆ ತೋಟದ ಆಳುಗಳ ಸಾಲುಮನೆಗಳಿಗೆ, ಹಳೇ ಸಿಮೆಂಟ್ ಶೀಟು. ಮಳೆಗಾಲಕ್ಕೆ ಮುಂಚೆ ಅದರ ಪಾಚಿಯನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿಸುವುದು ನಮ್ಮಲ್ಲಿ ವರ್ಷವೂ ಇದ್ದದ್ದೇ, ಅಲ್ವಾ? ಅದು ಬೇಡ ಅಂದರು. ಶೀಟಿನಲ್ಲಿ ನಾರನ್ನು ಸಿಮೆಂಟು ಹಿಡಿದಿಟ್ಟಿರುತ್ತದೆ, ಪೈಪಿನ ಪಟ್ಟಿಯಷ್ಟು ಸುಲಭಕ್ಕೆ ಉದುರಲ್ಲ. ಒಣಗಿದ್ದಾಗ ಉಜ್ಜಿದರೆ, ಡ್ರಿಲ್ ಹಾಕಿದರೆ, ಕಟ್ಟರ್‌ನಲ್ಲಿ ಕೊಯ್ದರೆ ಉದುರುತ್ತದೆ. ಈ ವರ್ಷ ಪಾಚಿಯನ್ನು ಹಾಗೇ ಬಿಟ್ಟೆ. ವರ್ಷವೂ ಏಣಿ ಹತ್ತಿ ಉಜ್ಜುತ್ತಿದ್ದ ಆಳಿಗೆ ಯಾಕೆ ಅಂತ ಹೇಳಿದೆ. ಅವನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಡಾಕ್ಟರನ್ನೂ ಕೇಳಿದೆವು. ಇದರ ಕಾಯಿಲೆಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಇಪ್ಪತ್ತು ವರ್ಷದ ಮೇಲೆ ಬೇಕು. ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದವರಿಗೆ ಅಪಾಯ ಜಾಸ್ತಿ, ಬೀಡಿ ಸಿಗರೇಟು ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಭಯ ಇನ್ನೂ ಜಾಸ್ತಿ. ಒಂದೆರಡು ಸಲ ಧೂಳು ಕುಡಿದವರು ಹೆದರಿ ಸಾಯುವುದು ಬೇಡ ಅಂದರು. ಪ್ಲಂಬರ್ ಹುಡುಗನನ್ನು ಕರೆದು ಇದನ್ನೆಲ್ಲ ಹೇಳಿದೆ. ಈಗ ಹಳೇ ಮನೆಗೆ ಹೋದರೆ ಮೊದಲು ಫೋಟೋ ಕಳಿಸುತ್ತಾನೆ. ಅತ್ತೆಗೂ ಹೇಳಿದೆವು. “ನನಗೀಗ ಎಂಬತ್ತೊಂದು. ಇನ್ನು ಇಪ್ಪತ್ತು ವರ್ಷ ಬಿಟ್ಟು ಬರೋ ಕಾಯಿಲೆಗೆ ಈಗ್ಲೇ ಕಷಾಯ ಕುಡೀಲಾ?” ಅಂದರು.

ಒಟ್ಟು ಖರ್ಚು: ನೋಡಿದ್ದು, ಟೆಸ್ಟು, ತೆಗೆದದ್ದು, ಗಾಳಿ, ಸಾಗಣೆ ಸೇರಿ 96,300. ಹೊಸ ಪೈಪಿಗೆ ಪ್ಲಂಬರ್ ಬಿಲ್ 21,000. ಬಾಯ್ಲರ್ ಹತ್ತಿರದ ಆರಡಿಗೆ ರಾಕ್‌ವೂಲ್ ಸುತ್ತಿ ಅಲ್ಯೂಮಿನಿಯಂ ತಗಡು ಹೊದಿಸಿದ್ದೇವೆ. ಮುಂದಕ್ಕೆಲ್ಲ ಕಪ್ಪು ರಬ್ಬರಿನ ತೋಳು.

ಕೆಲಸಕ್ಕೆ ಐದಕ್ಕೆ ಐದು, ಆಫೀಸಿಗೆ ಒಂದೂವರೆ. ಸೇರಿಸಿ ಹೇಗೋ ಮೂರೂವರೆ ಮಾಡಿದ್ದೇನೆ, ಲೆಕ್ಕ ಕೇಳಬೇಡಿ. ಮತ್ತೆ ಬೇಕಾದರೆ ಅವರನ್ನೇ ಕರೆಯುತ್ತೇನೆ. ಮಳೆಗಾಲದಲ್ಲಿ ಕರೆಯಲ್ಲ.

ಅತ್ತೆಯ ರೇಟಿಂಗ್ ಬೇರೆ ಇದೆ. ಮುಂಚೆ ಬೆಳಿಗ್ಗೆ ಉರಿ ಹಾಕಿದರೆ ರಾತ್ರಿ ಕಾಲು ತೊಳೆಯುವಾಗಲೂ ನೀರು ಬೆಚ್ಚಗಿರುತ್ತಿತ್ತಂತೆ, ಈಗ ಸಂಜೆಗೇ ತಣ್ಣಗಾಗುತ್ತದಂತೆ. ದಿನಾ ಹೇಳುತ್ತಾರೆ. ಹೋಗಿ ನೋಡಿದರೆ ಗೋಡೆಯ ಹತ್ತಿರ ಕ್ಲಾಂಪ್ ಬಂದ ಕಡೆ ಎರಡಡಿ ಪೈಪು ಹಾಗೇ ಬರಿಮೈಯಲ್ಲಿದೆ, ಪ್ಲಂಬರ್ ಸುತ್ತಲು ಮರೆತಿದ್ದಾನೆ. ಚಳಿ ಶುರುವಾಗುವುದರೊಳಗೆ ಬಂದು ಹಾಕುತ್ತೇನೆ ಅಂದಿದ್ದಾನೆ.